ಠಾಣೆಯಿಂದ ಮರಳಿದ ಬಂದೂಕು

ಚುನಾವಣೆಯ ಫಲಿತಾಂಶ ಬಂದು ಊರು ತಣ್ಣಗಾದ ಮೇಲೆ ಒಂದು ಸಂಜೆ ಮಹಾದೇವ ಕಮಲಾಪುರದಿಂದ ಬಾಡಿಗೆ ಕಾರಿನಲ್ಲಿ ಬಂದ. ಹಿಂದಿನ ಸೀಟಿನಿಂದ ಹಳೆಯ ಚಾದರದಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆದ. ಅವನ ತಾಯಿ ಚಂದಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಆ ಗಂಟಿನ ಆಕಾರ ಕಂಡದ್ದೇ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

"ಏನ್ರಿ ಅದು?" ಎಂದು ಸೊಸೆ ಪ್ರೀತಿ ಕೇಳಿದಳು. ಆಗಷ್ಟೇ ಲ್ಯಾಬಿನ ಕೆಲಸ ಮುಗಿಸಿ ಬಂದು ಮುಖ ತೊಳೆಯುತ್ತಿದ್ದಳು.

"ಅಪ್ಪನ ಬಂದೂಕು. ಎಲೆಕ್ಷನ್ ಮುಗೀತಲ್ಲ, ಠಾಣೆದಾಗಿಂದ ಬಿಡಿಸ್ಕೊಂಡು ಬಂದೀನಿ."

ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇದ್ದವರು ತಮ್ಮ ಬಂದೂಕನ್ನು ಠಾಣೆಯಲ್ಲಿ ಇಡಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ ಸೂಗಪ್ಪನಿಗೆ ಇದು ಹೊಸದಲ್ಲ. ಹಂದಿಗಳ ಕಾಟಕ್ಕೆಂದು ತಂದೆಯ ಕಾಲದಿಂದ ಬಂದ ಒಂಟಿ ನಳಿಗೆಯ ಬಂದೂಕು ಅದು. ಆದರೆ ಈ ಸಲ ಅದು ಠಾಣೆಗೆ ಹೋದಾಗ ಇದ್ದ ಮನೆ ಬೇರೆ, ಮರಳಿ ಬಂದ ಮನೆ ಬೇರೆ. ನಡುವಿನ ಬೇಸಿಗೆಯಲ್ಲಿ ಸೂಗಪ್ಪ ತನ್ನ ತೋಟಕ್ಕೆ ಹೋದವನು ಮನೆಯ ದಾರಿ ಮರೆತು ಬಸ್‌ ಸ್ಟ್ಯಾಂಡಿನಲ್ಲಿ ಕುಳಿತಿದ್ದ. ತೋಟವನ್ನು ಗುತ್ತಿಗೆಗೆ ಮಾಡುತ್ತೇನೆಂದು ಮುಂದೆ ಬಂದ ನಬಿಸಾಬ್‌ನೇ ಅವನನ್ನು ಕೈಹಿಡಿದು ಮನೆಗೆ ಕರೆತಂದದ್ದು. ಕಲಬುರಗಿಯ ಡಾಕ್ಟರು ನೋಡಿ, ಇದು ಮರೆವಿನ ರೋಗ, ಹೋದದ್ದು ಮತ್ತೆ ಬರುವುದಿಲ್ಲ ಎಂದರು. ಮಹಾದೇವ ತಂದೆತಾಯಿಯನ್ನು ಅದೇ ಊರಿನ ಖೂಬಾ ಪ್ಲಾಟ್ ಬಡಾವಣೆಯ ತನ್ನ ಮನೆಗೆ ಕರೆದುಕೊಂಡು ಬಂದ.

ಅಲ್ಲಿಂದ ಈಚೆಗೆ ಸೂಗಪ್ಪ ಪಡಸಾಲೆಯ ದಿವಾನದ ಮೇಲೆ ನೆಂಟರಂತೆ ಕುಳಿತಿರುತ್ತಿದ್ದ. ಯಾರು ಬಂದರೂ "ಆರಾಮಾ?" ಎನ್ನುವನು, ಸ್ವಂತ ಮೊಮ್ಮಗಳು ಶಾಲೆಯಿಂದ ಬಂದರೂ ಅದೇ "ಆರಾಮಾ?" ಚಂದಮ್ಮನನ್ನು ಮಾತ್ರ ಇನ್ನೂ ಮರೆತಿರಲಿಲ್ಲ.

ಚಾದರ ಬಿಚ್ಚಿದಾಗ ಅವನು ತಟ್ಟನೆ ಎದ್ದು ನಿಂತ. ಬಂದೂಕನ್ನು ಮಗನ ಕೈಯಿಂದ ತೆಗೆದುಕೊಂಡು, ಮಡಿಚಿ ಬಾಯಿ ತೆರೆದು, ನಳಿಗೆಯನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು ಒಂದು ಕಣ್ಣಲ್ಲಿ ನೋಡಿದ. ಧೋತರದ ಅಂಚಿನಿಂದ ಒರೆಸಿದ.

"ಎಣ್ಣಿ ಹಾಕಿಲ್ಲ ನೋಡು ಮಂದಿ," ಎಂದ.

ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಸರಿಯಾದ ಮಾತೊಂದು ಬಂದಿತ್ತು. ಮೊಮ್ಮಗಳು ಸೃಷ್ಟಿ ಹೋಮ್‌ವರ್ಕ್ ಬಿಟ್ಟು ಓಡಿ ಬಂದಳು. "ಮಮ್ಮಿ, ಮುತ್ಯಾಗ ನೆನಪು ಬಂದದ ನೋಡು."

"ಸೃಷ್ಟಿ, ಒಳಗ ನಡಿ," ಎಂದಳು ಪ್ರೀತಿ. ಗಂಡನ ಕಡೆ ತಿರುಗಿ, "ಇದು ಈ ಮನ್ಯಾಗ ಇರೂದಿಲ್ಲರಿ," ಎಂದಳು.

"ಸ್ವಲ್ಪ ದಿನ ಅಷ್ಟೇ. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸ್ಕೊಳ್ಳಾಕ ಅರ್ಜಿ ಕೊಟ್ಟೀನಿ. ವಸ್ತು ಕೈಯಾಗ ಇರಬೇಕು."

"ನಿಮಗ ಎದಕ್ಕ ಬೇಕು ಬಂದೂಕು? ನಂದೂರದಾಗ ಬ್ಯಾಳಿ ಮಿಲ್ ನಡಸ್ತೀರಿ. ಅಲ್ಲಿ ಹಂದಿ ಬರ್ತಾವೇನು?"

"ಒಮ್ಮಿ ಬಿಟ್ರ ಮತ್ತ ಸಿಗೂದಿಲ್ಲ, ಪ್ರೀತಿ. ಮುತ್ಯಾನ ಕಾಲದ ಲೈಸೆನ್ಸ್ ಅದು. ಮಂದಿ ಲಕ್ಷಗಟ್ಟಲೆ ಕೊಡ್ತೀನಂದ್ರೂ ಸಿಗವಲ್ದು."

"ಮಾವಾರ ತಲಿ ಸರಿ ಇಲ್ಲ. ಮನ್ಯಾಗ ಕೂಸು ಅದ."

"ಖಾಲಿ ಬಂದೂಕು. ಕಬ್ಬಿಣದ ಕೋಲು ಇದ್ದಂಗ."

ಚಂದಮ್ಮ ಸೀದ ರೊಟ್ಟಿಯನ್ನು ಬದಿಗಿಟ್ಟು ಮತ್ತೊಂದು ಹಿಟ್ಟಿನ ಮುದ್ದೆ ತೆಗೆದುಕೊಂಡಳು. ಗಂಡನ ಮುಖದಲ್ಲಿ ಬಂದ ಕಳೆಯನ್ನು ಅವಳೂ ನೋಡಿದ್ದಳು, ಅದು ಹೋಗುವುದು ಅವಳಿಗೂ ಬೇಕಿರಲಿಲ್ಲ.

ಬಂದೂಕನ್ನು ಅಲಮಾರಿಯ ತಲೆಯ ಮೇಲೆ ಇಟ್ಟರು. ಕಾಡತೂಸಿನ ಡಬ್ಬಿ ಅದರ ಪಕ್ಕದಲ್ಲೇ. ಸೂಗಪ್ಪ ಬೆಳಗಾದರೆ ಕುರ್ಚಿ ಎಳೆದುಕೊಂಡು ಅದನ್ನು ಇಳಿಸುವನು. ಒರೆಸುವನು, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಚಹಾ ಕುಡಿಯುವನು. ಮಹಾದೇವನಿಗೆ ಅದು ನೋಡಲು ಚೆಂದ ಅನಿಸುತ್ತಿತ್ತು. "ಅಪ್ಪ ಮೊದಲಿನಂಗ ಆಗ್ಯಾನ," ಎನ್ನುವನು.

ಆದರೆ ಮೊದಲಿನ ಸೂಗಪ್ಪನನ್ನು ಚಂದಮ್ಮನಷ್ಟು ಬಲ್ಲವರು ಯಾರೂ ಇರಲಿಲ್ಲ. ಕಮಲಾಪುರದ ಮನೆಯಲ್ಲಿ ಅವನು ತೋಟದಿಂದ ಬಂದರೆ ಹೊಸ್ತಿಲು ದಾಟುವ ಮೊದಲೇ ಬಂದೂಕು ಬಿಚ್ಚಿ ಕಾಡತೂಸು ತೆಗೆಯುತ್ತಿದ್ದ. ಬಂದೂಕು ಒಂದು ಕೋಣೆಗೆ, ಕಾಡತೂಸು ಇನ್ನೊಂದು ಕೋಣೆಯ ಪೆಟ್ಟಿಗೆಗೆ. ಮಹಾದೇವ ಸಣ್ಣವನಿದ್ದಾಗ ಒಮ್ಮೆ ಆ ಕೋಣೆಯ ಬಾಗಿಲು ತಳ್ಳಿದ್ದಕ್ಕೆ ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆದಿದ್ದ. ಆ ಎಚ್ಚರವೆಲ್ಲ ಈಗ ಎಲ್ಲಿಗೆ ಹೋಯಿತೋ.

ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಚಂದಮ್ಮ ದಿವಾನದ ಕೆಳಗೆ ಕಸ ಗುಡಿಸಲು ಬಂದೂಕನ್ನು ಎತ್ತಿ ಬದಿಗಿಡಹೋದಳು. ಯಾಕೋ ಅದರ ಹಿಡಿ ಸರಿಯಾಗಿ ಕೂಡಿಲ್ಲ ಅನಿಸಿತು. ಸಂದಿಯಲ್ಲಿ ಹಿತ್ತಾಳೆಯ ಹೊಳಪು ಕಂಡಿತು. ಅವಳು ಪೊರಕೆಯನ್ನು ಅಲ್ಲೇ ಬಿಟ್ಟಳು.

"ಮಹಾದೇವಾ, ಬಾ ಇಲ್ಲಿ. ಮೆಲ್ಲಕ ಬಾ."

ಮಹಾದೇವ ಹಲ್ಲುಜ್ಜುತ್ತಲೇ ಬಂದ. ಬಂದೂಕು ಬಿಚ್ಚಿದ. ಕಾಡತೂಸು ಅವನ ಅಂಗೈಗೆ ಜಾರಿತು. ಅವನು ನಗಲು ನೋಡಿದ, ಬಾಯಲ್ಲಿದ್ದ ನೊರೆ ಗಲ್ಲದ ಮೇಲೆ ಇಳಿಯಿತು.

ಹಾಕುವುದು ಸೂಗಪ್ಪನ ಕೈಗೆ ನೆನಪಿತ್ತು. ತೆಗೆಯುವುದು ಮರೆತುಹೋಗಿತ್ತು.

ಅವತ್ತು ಪ್ರೀತಿ ಲ್ಯಾಬಿಗೆ ರಜೆ ಹಾಕಿದಳು. ಗಂಡನ ಎದುರು ಕುಳಿತು, ದನಿ ಏರಿಸದೆ ಮಾತಾಡಿದಳು. "ಠಾಣೆಗೆ ಒಯ್ದು ಇಡ್ರಿ ಅಂದ್ರ ನೀವು ಕೇಳೂದಿಲ್ಲ. ಹಂಗಾದ್ರ ನಾ ಹೇಳಿದಂಗ ಆಗಬೇಕು. ಬಂದೂಕು ಅಲಮಾರಿ ಒಳಗ, ಕೀಲಿ ಹಾಕಿ. ಕಾಡತೂಸು ನನ್ನ ಟ್ರಂಕಿನಾಗ, ಅದಕ್ಕ ಬ್ಯಾರೆ ಕೀಲಿ. ಆ ಕೀಲಿಕೈ ನನ್ನ ಬ್ಯಾಗಿನಾಗ ಇರ್ತದ, ನಿಮಗೂ ಕೊಡಂಗಿಲ್ಲ."

"ಮತ್ತ ಅಲಮಾರಿ ಕೀಲಿಕೈ?"

ಇಬ್ಬರೂ ಚಂದಮ್ಮನ ಕಡೆ ನೋಡಿದರು. ಅಲಮಾರಿಯಲ್ಲಿ ಮನೆಯವರೆಲ್ಲರ ಬಟ್ಟೆಬರೆ ಇತ್ತು, ಹಗಲೆಲ್ಲ ಮನೆಯಲ್ಲಿರುವವಳು ಅವಳೊಬ್ಬಳೇ.

"ಅತ್ತಿ, ನಿಮ್ಮ ಹತ್ರ ಇರಲಿ," ಎಂದಳು ಪ್ರೀತಿ. "ಮಾವಾರು ನಿಮ್ಮ ಮಾತು ಒಬ್ಬರದೇ ಕೇಳ್ತಾರ."

ಚಂದಮ್ಮ ಕೀಲಿಕೈಯನ್ನು ಲಾಡಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡಳು. ಅಂದಿನಿಂದ ಅವಳ ಹಗಲುಗಳು ಬೇರೆಯಾದವು.

"ನನ್ನ ಬಂದೂಕ ಎಲ್ಲದ?" ಎಂದು ಸೂಗಪ್ಪ ಚಹಾದ ಹೊತ್ತಿಗೆ ಕೇಳುವನು.

"ರಿಪೇರಿಗಿ ಕೊಟ್ಟಾನ ಮಹಾದೇವ."

"ಏನಾಗಿತ್ತು ಅದಕ್ಕ?"

"ತುಕ್ಕ ಹಿಡಿದಿತ್ತಲ್ಲರಿ."

ಊಟಕ್ಕೆ ಕುಳಿತಾಗ ಮತ್ತೆ ಅದೇ. ಒಂದು ಸಲ ರಿಪೇರಿ, ಒಂದು ಸಲ ಠಾಣೆ, ಒಂದು ಸಲ ನಬಿಸಾಬ್ ಒಯ್ದಾನ. ಯಾವ ಸುಳ್ಳನ್ನು ಯಾವಾಗ ಹೇಳಿದೆನೆಂದು ಅವಳಿಗೇ ನೆನಪಿರುತ್ತಿರಲಿಲ್ಲ, ಅವನಿಗಂತೂ ಇರುತ್ತಲೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಗಂಡನಿಗೆ ಒಂದು ಸುಳ್ಳು ಹೇಳಿ ದಕ್ಕಿಸಿಕೊಂಡವಳಲ್ಲ ಅವಳು. ಈಗ ಚಹಾಕ್ಕೊಂದು, ಊಟಕ್ಕೊಂದು ಹೇಳುತ್ತಿದ್ದಳು.

ಕೆಲವು ದಿನಗಳ ಮೇಲೆ ಸೂಗಪ್ಪನ ಕಣ್ಣು ಅವಳ ಸೊಂಟದ ಮೇಲೆ ಬಿತ್ತು. ಅವಳು ಬಗ್ಗಿದಾಗ, ಎದ್ದಾಗ, ಅವನು ನೋಡುತ್ತಿದ್ದ. ಒಮ್ಮೆ ಅವಳು ಕೊತ್ತಂಬರಿ ಸೋಸುತ್ತ ಕುಳಿತಾಗ ಹಿಂದಿನಿಂದ ಬಂದು ಸೆರಗಿಗೆ ಕೈ ಹಾಕಿದ.

"ಕೀಲಿಕೈ ಕೊಡು."

"ಯಾವ ಕೀಲಿಕೈರಿ?"

"ನನ್ನ ಸಾಮಾನು ಒಳಗಿಟ್ಟು ನನಗ ಆಟ ಆಡಸ್ತಿ?"

ಅವನ ಕೈಯಲ್ಲಿ ಇನ್ನೂ ಬಲವಿತ್ತು. ಅವಳ ಸೆರಗು ಹರಿಯಿತು. ಅವಳು ಸೊಂಟದ ಗಂಟನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿಗೆ ಅವನಿಗೆ ಯಾಕೆ ಬಂದೆ ಎಂಬುದೇ ಮರೆತು, ಕೊತ್ತಂಬರಿಯ ಕಡ್ಡಿಗಳನ್ನು ಆರಿಸತೊಡಗಿದ.

ಆಮೇಲೆ ಅವನು ಅವಳ ಕೈಯ ಊಟ ಬಿಟ್ಟ. ರೊಟ್ಟಿ ಮುಂದಿಟ್ಟರೆ ತಾಟು ಸರಿಸುವನು. ಪಕ್ಕದ ಮನೆಯ ಫರೀದಾಳ ಮುಂದೆ ಕಾಂಪೌಂಡಿನ ಮೇಲಿಂದ, "ನಮ್ಮಾಕಿ ನನ್ನ ಬಂದೂಕ ಮಾರ್ಯಾಳ," ಎಂದು ದೂರು ಹೇಳಿದ. ಫರೀದಾ ಒಳ್ಳೆಯ ಹೆಂಗಸು. "ಹೋಗ್ಲಿ ಬಿಡ್ರಿ ಚಾಚಾ," ಎಂದು ನಗಾಡಿ ಕಳಿಸಿದಳು. ಆದರೆ ಅವಳ ಮನೆಯ ಮಕ್ಕಳು ಆಡಲು ಈ ಕಡೆ ಬರುವುದು ನಿಂತಿತು.

ಸೃಷ್ಟಿ ಕಲಸಿ ಕೊಟ್ಟರೆ ಮಾತ್ರ ಅವನು ಉಣ್ಣುತ್ತಿದ್ದ. ಆ ಕೂಸು ಟ್ಯೂಷನ್ನಿನಿಂದ ಬರುವವರೆಗೂ ಮುದುಕ ಹಸಿದು ಕುಳಿತಿರುವುದನ್ನು ಚಂದಮ್ಮ ನೋಡಬೇಕಾಗಿತ್ತು.

ಕಮಲಾಪುರದಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ ಬಂತು. ತಂಗಿ ಎರಡು ಸಲ ಫೋನ್ ಮಾಡಿದಳು. ಚಂದಮ್ಮ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದವಳು ಮತ್ತೆ ಮಡಿಚಿಟ್ಟಳು. ಕೀಲಿಕೈ ಕೊಟ್ಟು ಹೋಗಲು ಮನೆಯಲ್ಲಿ ಯಾರಿದ್ದಾರೆ? ಅದನ್ನು ಒಯ್ದರೆ ಇವರಿಗೆ ಅಲಮಾರಿಯ ಬಟ್ಟೆ ಸಿಗುವುದು ಹೇಗೆ? ಗಂಡನನ್ನು ಕರೆದುಕೊಂಡು ಹೋದರೆ ಮಂದಿಯ ನಡುವೆ ಬಂದೂಕಿನ ಮಾತು ತೆಗೆಯುತ್ತಾನೆ. "ಮಂಡಿ ನೋವು" ಎಂದಳು ತಂಗಿಗೆ. ಅದೂ ಒಂದು ಸುಳ್ಳು.

ಅವತ್ತು ಸಂಜೆ ಮಗನಿಗೆ ಬಾಯಿ ಬಿಟ್ಟು ಹೇಳಿದಳು. "ಮಹಾದೇವಾ, ಅದನ್ನ ಠಾಣೆಗೆ ಒಯ್ದು ಕೊಡಪ್ಪ. ನನ್ನ ಕೈಲೆ ಆಗವಲ್ದು."

"ಇನ್ನೊಂದು ಸ್ವಲ್ಪ ದಿನ, ಅವ್ವ. ಫೈಲು ಡಿ.ಸಿ. ಆಫೀಸಿನಾಗ ಮುಂದ ಹೊಂಟದ."

"ಠಾಣೆದಾಗ ಇಟ್ರ ಫೈಲು ನಿಂತು ಹೋಗ್ತದೇನು?"

"ಹಂಗಲ್ಲ..." ಎಂದು ಮಹಾದೇವ ರೊಟ್ಟಿ ಮುರಿದ. "ಮಿಲ್ಲಿನ ಮಂದಿಗೆಲ್ಲಾ ಹೇಳೀನಿ. ಈಗ ತಿರುಗಿ ಇಟ್ಟು ಬಂದ್ರ ಏನಂತಾರ?"

"ನಿಮ್ಮಪ್ಪ ನನ್ನ ಕೈಯಾಗ ಉಣ್ಣವಲ್ಲ."

"ಎರಡು ದಿನಕ್ಕ ಮರೀತಾನ. ಎಲ್ಲಾ ಮರೀತಾನ."

ಪ್ರೀತಿ ಪಲ್ಯ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಹೋದಳು. ಯಾರೂ ಅವಳನ್ನು ಕರೆಯಲಿಲ್ಲ.

ಮಳೆ ಹಿಡಿದಿತ್ತು. ಒಂದು ರವಿವಾರ ಮಿಲ್ಲಿನ ಪಾಲುದಾರರು ಇಬ್ಬರು ಊಟಕ್ಕೆ ಬಂದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಎಣ್ಣೆಗಾಯಿ, ಸಜ್ಜೆ ರೊಟ್ಟಿ ಎಂದು ಬೆಳಗಿನಿಂದ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ. ಸೂಗಪ್ಪ ಒಳಕೋಣೆಯಲ್ಲಿ ಮಲಗಿದ್ದ. ಮಹಾದೇವ ಅಡುಗೆಮನೆಗೆ ಬಂದು ಕೈ ಚಾಚಿದ.

"ಅವ್ವ, ಕೀಲಿಕೈ ಕೊಡು. ಅವರು ಒಂದು ಸಲ ನೋಡ್ತಾರಂತ."

"ನೋಡೂದು ಏನದ ಅದರಾಗ?"

"ಮಂದಿ ಮುಂದ ವಾದ ಮಾಡಬ್ಯಾಡ."

ಚಂದಮ್ಮ ಹಿಟ್ಟಿನ ಕೈಯಿಂದಲೇ ಗಂಟು ಬಿಚ್ಚಿ ಕೊಟ್ಟಳು. ಪಡಸಾಲೆಯಿಂದ ನಗು ಕೇಳಿಸಿತು. ಒಬ್ಬನು ಬಂದೂಕನ್ನು ಹೆಗಲಿಗಿಟ್ಟುಕೊಂಡು ಫೋಟೋ ತೆಗೆಸಿಕೊಂಡ. ತಾಟು ಬಂದವು, ಊಟವಾಯಿತು. ಬಂದವರನ್ನು ಗೇಟಿನವರೆಗೆ ಕಳಿಸುವಷ್ಟರಲ್ಲಿ ನಂದೂರದಿಂದ ಫೋನ್ ಬಂತು: ಮಿಲ್ಲಿನ ಗೋದಾಮಿನೊಳಗೆ ನೀರು ನುಗ್ಗುತ್ತಿದೆ, ತೊಗರಿಯ ಚೀಲಗಳು ನೆನೆಯುತ್ತಿವೆ. ಮಹಾದೇವ ಅವಸರದಲ್ಲಿ ಕೀಲಿಕೈಯನ್ನು ತಾಯಿಯ ಅಂಗೈಗೆ ಹಾಕಿ, ರೇನ್‌ಕೋಟ್ ಏರಿಸಿಕೊಂಡು, ಹೆಲ್ಮೆಟ್ ತೊಟ್ಟು ಮೋಟರ್‌ ಸೈಕಲ್ ಹತ್ತಿದ. ಪ್ರೀತಿ ಸೃಷ್ಟಿಯನ್ನು ಕರೆದುಕೊಂಡು ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ ಹೋದಳು. ಚಂದಮ್ಮ ಕೀಲಿಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಗಂಟನ್ನೊಮ್ಮೆ ಎಳೆದು ನೋಡಿ, ಪಾತ್ರೆ ತೊಳೆಯಲು ಕುಳಿತಳು.

ಅಲಮಾರಿಗೆ ಕೀಲಿ ಬಿದ್ದಿತ್ತು ನಿಜ. ಬಂದೂಕು ಮಾತ್ರ ಅದರೊಳಗೆ ಇರಲಿಲ್ಲ. ಊಟಕ್ಕೆ ಏಳುವಾಗ ಮಹಾದೇವ ಅದನ್ನು ಪಡಸಾಲೆಯ ಬಾಗಿಲ ಹಿಂದೆ ಒರಗಿಸಿ, ಖಾಲಿ ಅಲಮಾರಿಗೆ ಮಾತ್ರ ಕೀಲಿ ಹಾಕಿದ್ದ. ಊಟವಾದ ಮೇಲೆ ಇಟ್ಟರಾಯಿತು ಎಂದುಕೊಂಡವನಿಗೆ ಫೋನ್ ಬಂದು ಮರೆತೇ ಹೋಗಿತ್ತು.

ಸಂಜೆ ಮಳೆ ಇನ್ನೂ ಜೋರಾಯಿತು. ಕರೆಂಟು ಹೋಗಿ ಮನೆಯೊಳಗೆ ಮಬ್ಬು ಕವಿದಿತ್ತು. ಹಿತ್ತಲ ಗೇಟು ಸದ್ದು ಮಾಡಿದ್ದು ಕೇಳಿ ಚಂದಮ್ಮ ಒಲೆಯ ಮುಂದಿನಿಂದ ತಲೆ ಎತ್ತಿದಳು. ಮಹಾದೇವ ಕೆಸರಿನ ಬೂಟುಗಳನ್ನು ಹಿತ್ತಲಲ್ಲಿ ಬಿಡೋಣವೆಂದು ಹಿಂದಿನಿಂದ ಬಂದಿದ್ದ. ಕಪ್ಪು ರೇನ್‌ಕೋಟು, ಕಪ್ಪು ಹೆಲ್ಮೆಟು, ಮುಖ ಕಾಣುತ್ತಿರಲಿಲ್ಲ. ಅವನು ಹಿತ್ತಲ ಬಾಗಿಲಲ್ಲಿ ಬಗ್ಗಿದಾಗ ಪಡಸಾಲೆಯ ಕಡೆಯಿಂದ ಗಂಡನ ದನಿ ಬಂತು. ಅದು ತೋಟದ ದನಿ, ಕಮಲಾಪುರದ ದನಿ.

"ಯಾವನೋ ಅವಾ?"

ಚಂದಮ್ಮ ತಿರುಗಿದಳು. ಸೂಗಪ್ಪ ನಡುಮನೆಯ ಬಾಗಿಲಲ್ಲಿ ಕಾಲು ಅಗಲಿಸಿ ನಿಂತಿದ್ದ. ಬಂದೂಕಿನ ಹಿಡಿ ಹೆಗಲಿಗೆ ಒತ್ತಿತ್ತು. ನಳಿಗೆ ಮಗನ ಎದೆಗೆ ನೇರವಾಗಿತ್ತು.

ಅವಳ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯಿತು. ಕೀಲಿಕೈ ಅಲ್ಲೇ ಇತ್ತು. ಕೀಲಿಕೈ ಇಲ್ಲಿರುವಾಗ ಬಂದೂಕು ಅಲ್ಲಿಗೆ ಹೇಗೆ ಬಂತೆಂದು ತಿಳಿಯುವ ಮೊದಲೇ ಅವನು ಅದರ ಕುದುರೆ ಎಳೆದ.

ಟಕ್ ಎಂದಿತು. ಅಷ್ಟೇ.

ಮಹಾದೇವ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಸೂಗಪ್ಪ ಬೇಸರದಿಂದ ಬಂದೂಕನ್ನು ಇಳಿಸಿ, ಹೆಬ್ಬೆರಳಿನಿಂದ ಏನೋ ಹಿಂದಕ್ಕೆ ಎಳೆದು, ಮತ್ತೆ ಹೆಗಲಿಗೆ ಏರಿಸಿದ. ಅಷ್ಟರಲ್ಲಿ ಚಂದಮ್ಮ ಅವನ ಮುಂದೆ ಬಂದಿದ್ದಳು. ನಳಿಗೆಯನ್ನು ಹಿಡಿದು ಗೋಡೆಯ ಕಡೆ ತಳ್ಳಿದಳು. ಮತ್ತೊಮ್ಮೆ ಟಕ್ ಎಂದಿತು. ಆ ಸದ್ದು ಅವಳ ಅಂಗೈಯೊಳಗೆ ನಡುಗಿತು.

"ಮಹಾದೇವಾ," ಎಂದಳು, "ಹೆಲ್ಮೆಟ್ ತಗಿ."

ಮಹಾದೇವ ಹೆಲ್ಮೆಟ್ ತೆಗೆದ. ಅವನ ಬೆರಳುಗಳಿಗೆ ಪಟ್ಟಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

"ನೀನಾ?" ಎಂದ ಸೂಗಪ್ಪ. "ಹಂದಿ ಬಂತು ಅಂತ ಮಾಡಿದ್ನಿ." ಬಂದೂಕನ್ನು ಹೆಂಡತಿಯ ಕೈಗೆ ಬಿಟ್ಟು, "ಕಾಡತೂಸು ಹಸಿ ಆಗ್ಯಾವ. ಹಾರವಲ್ಲವು," ಎನ್ನುತ್ತ ದಿವಾನದ ಕಡೆ ನಡೆದ.

ಮಹಾದೇವ ಬಂದೂಕನ್ನು ಬಿಚ್ಚಿದ. ಒಳಗಿಂದ ಏನೋ ಜಾರಿ ನೆಲಕ್ಕೆ ಬಿದ್ದು ಉರುಳಿತು. ಸೃಷ್ಟಿ ಶಾಲೆಯ ಚಿತ್ರಗಳನ್ನು ಅಂಟಿಸುವ ಗೋಂದಿನ ಹೆಬ್ಬೆರಳು ಗಾತ್ರದ ಡಬ್ಬಿ ಅದು. ಕಾಡತೂಸು ಸಿಗದೆ ಮುದುಕ ಗಾತ್ರಕ್ಕೆ ಸರಿಹೊಂದುವುದನ್ನು ಹುಡುಕಿ ತುಂಬಿದ್ದ.

ಮಹಾದೇವ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟ. ರೇನ್‌ಕೋಟಿನ ನೀರು ಸುತ್ತ ಹರಿಯಿತು. ಒಲೆಯ ಮೇಲೆ ಬೇಳೆ ಉಕ್ಕಿ ಹಂಚಿನಷ್ಟು ಅಗಲ ಚೆಲ್ಲಿತು. ಅದನ್ನು ಒರೆಸಲು ಇಬ್ಬರೂ ಏಳಲಿಲ್ಲ.

ಪ್ರೀತಿ ಬಂದು ಎಲ್ಲ ಕೇಳಿದಳು. ಸೃಷ್ಟಿಯ ಪುಸ್ತಕಗಳನ್ನು, ಎರಡು ಜೊತೆ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ಅತ್ತೆಯ ಮುಂದೆ ನಿಂತು, ಬ್ಯಾಗಿನಿಂದ ಟ್ರಂಕಿನ ಕೀಲಿಕೈ ತೆಗೆದು ಅವಳ ಕೈಯಲ್ಲಿಟ್ಟಳು.

"ಕೋಟನೂರಕ್ಕ ಅವ್ವನ ಮನಿಗಿ ಹೊಂಟೀನಿ, ಅತ್ತಿ. ನಿಮ್ಮನ್ನ ಬಿಟ್ಟು ಹೋಗಾಕ ಮನಸಿಲ್ಲ. ಆದ್ರ ಕೂಸಿನ ಡಬ್ಬಿ ಅದರಾಗ ಇತ್ತು. ನಾಳಿ ಕೂಸೇ ಬಾಗಿಲಾಗ ನಿಂತ್ರ?"

"ಹೋಗವ್ವ," ಎಂದಳು ಚಂದಮ್ಮ. "ನಿನ್ನ ತಮ್ಮ ಶಿವಶರಣಗ ಮುಂಜಾನಿ ಕಾರು ತಗೊಂಡು ಬರಾಕ ಹೇಳು. ಮಹಾದೇವಗ ಹೇಳಬ್ಯಾಡ."

ಮರುದಿನ ಬೆಳಿಗ್ಗೆ ಮಹಾದೇವ ಚಹಾ ಕುಡಿಯುವಷ್ಟರಲ್ಲಿ ಚೇತರಿಸಿಕೊಂಡಿದ್ದ. ತಾಯಿ ಅಲಮಾರಿ ತೆರೆದು ಬಂದೂಕನ್ನು ಚಾದರದಲ್ಲಿ ಸುತ್ತುವುದನ್ನು ನೋಡಿ ಅಡ್ಡ ಬಂದ.

"ಅವ್ವ, ನಿನ್ನಿ ಏನಾತು? ಏನೂ ಆಗಿಲ್ಲ. ಕಾಡತೂಸು ಬ್ಯಾರೆ ಇಟ್ಟಿದ್ವಿ, ಅದಕ್ಕ ಏನೂ ಆಗಿಲ್ಲ. ನಾವು ಮಾಡಿದ ಬಂದೋಬಸ್ತು ಬರೋಬರಿ ಅದ ಅಂದಂಗಾತಲ್ಲ."

"ಅರ್ಧಾ ಬಂದೋಬಸ್ತು ನಿನ್ನ ಕೈಯಾಗಿತ್ತು. ಅದು ಹೋತು. ಉಳಿದ ಅರ್ಧಾ ನಿನ್ನ ಹೆಂಡತಿ ಕೈಯಾಗಿತ್ತು. ಅದಕ್ಕ ನೀ ಇವತ್ತು ನನ್ನ ಮುಂದ ನಿಂತು ಮಾತಾಡಾಕತ್ತಿ."

"ಇನ್ನ ಮ್ಯಾಲೆ ನಾ ಹಂಗ ಮಾಡಂಗಿಲ್ಲ."

"ನಿಮ್ಮಪ್ಪ ಮರೀತಾನ, ಅದು ಅವನ ರೋಗ. ನೀ ಯಾವ ರೋಗಕ್ಕ ಮರತಿ?"

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಮಹಾದೇವ ಬಾಗಿಲಿಗೆ ಕೈ ಚಾಚಿ ನಿಂತ. "ಒಮ್ಮಿ ಕೊಟ್ರ ಮನೆತನದ ಲೈಸೆನ್ಸ್ ಹೋಗ್ತದ. ನಾಳೆ ನನ್ನ ಮುಂದ ಅಳಬ್ಯಾಡ."

"ಲೈಸೆನ್ಸ್ ನಿಮ್ಮಪ್ಪಂದು. ಅವರೇ ಬರಾಕತ್ತಾರ." ಅವಳು ಮಗನ ತೋಳಿನ ಕೆಳಗಿನಿಂದ ಬಗ್ಗಿ ಹೊರಗೆ ನಡೆದಳು. ಹಿಂದೆ ಸೂಗಪ್ಪ, ಮದುವೆಗೆ ಹೊರಟವನಂತೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದ.

ಪ್ರೀತಿಯ ತಮ್ಮ ಶಿವಶರಣ ಕಾರನ್ನು ಠಾಣೆಯ ದಾರಿಗೆ ತಿರುಗಿಸಿದ. ಕಮಲಾಪುರದ ಬಾಳೆ ತೋಟಗಳು ಕಂಡಾಗ ಸೂಗಪ್ಪ ಕಿಟಕಿಗೆ ಮುಖ ಒತ್ತಿ, "ನಮ್ಮೂರಂಗ ಅದ," ಎಂದ.

ಠಾಣೆಯ ಹವಾಲ್ದಾರ ಅವನನ್ನು ಗುರುತಿಸಿ ಕುರ್ಚಿ ಹಾಕಿಸಿದ. "ಈಗಷ್ಟೇ ಒಯ್ದಿದ್ರಿ, ಮತ್ತ ತಂದ್ರ್ಯಾ? ಇರಲಿ. ಇಲ್ಲಿ ಇಡಬಹುದು, ಆಮ್ಯಾಲೆ ಬ್ಯಾಡಾದ್ರ ಸರಕಾರಕ್ಕ ಒಪ್ಪಿಸಬಹುದು. ಆದ್ರ ಲೈಸೆನ್ಸ್ ಇದ್ದವರು ತಾವು ಬಾಯಿಲೆ ಹೇಳಬೇಕು. ಸೂಗಪ್ಪನೋರ, ಸ್ವಂತ ಮನಸಿಲೆ ಕೊಡಾಕತ್ತೀರಿ ಹೌದಿಲ್ಲೋ?"

ಚಾದರ ಬಿಚ್ಚಿದ್ದರು. ಸೂಗಪ್ಪ ಮೇಜಿನ ಮೇಲಿನ ಬಂದೂಕನ್ನು ನೋಡಿದ. ಅವನ ಬೆನ್ನು ನೇರವಾಯಿತು.

"ಇದು ನಂದು. ನಾ ಕೊಡಂಗಿಲ್ಲ," ಎಂದ. ಹೆಂಡತಿಯ ಕಡೆ ಬೆರಳು ತೋರಿಸಿದ. "ಇಕಿ ಮುಚ್ಚಿಟ್ಟಿದ್ಳು. ಕಳ್ಳಿ."

ಹವಾಲ್ದಾರ ಪೆನ್ನು ಕೆಳಗಿಟ್ಟ. ಶಿವಶರಣ ಕಿಟಕಿಯ ಕಡೆ ನೋಡಿದ. ಚಂದಮ್ಮ ಬಿಚ್ಚಿದ ಚಾದರವನ್ನು ಮಡಿಚಿದಳು. ರಿಪೇರಿಗೆ ಕೊಡುತ್ತಿದ್ದೇವೆ ಅನ್ನಬಹುದಿತ್ತು. ಚುನಾವಣೆ ಬಂದಿದೆ ಅನ್ನಬಹುದಿತ್ತು. ಅಂಥದ್ದೆಲ್ಲ ಅವಳಿಗೆ ಈಗ ಚೆನ್ನಾಗಿ ರೂಢಿಯಾಗಿತ್ತು. ಆದರೆ ಮನೆ, ತೋಟ, ಊರು ಎಲ್ಲ ಬಿಟ್ಟು ಬಂದ ಈ ಮನುಷ್ಯನಿಂದ ಉಳಿದದ್ದೊಂದನ್ನು ಸುಳ್ಳು ಹೇಳಿ ಕಸಿದುಕೊಂಡರೆ, ಅವನು ಅಂದ ಮಾತು ಖರೆಯೇ ಆಗುತ್ತದೆ ಅನಿಸಿತು ಅವಳಿಗೆ.

ಅವಳು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು.

"ರೀ, ನನ್ನ ಕಡಿ ನೋಡ್ರಿ. ನಿಮಗ ಮರೆವು ಬಂದದ. ಡಾಕ್ಟರು ಹೇಳ್ಯಾರ. ಕಾಡತೂಸು ಹಾಕ್ತೀರಿ, ತಗಿಯೂದು ಮರೀತೀರಿ. ನಿನ್ನಿ ಮಳ್ಯಾಗ ಮಹಾದೇವ ಮನಿಗಿ ಬಂದ. ನಿಮಗ ಗುರುತು ಹತ್ತಲಿಲ್ಲ. ಅವನ ಎದಿಗಿ ಹಿಡಿದು ಹೊಡದ್ರಿ."

ಸೂಗಪ್ಪ ಅವಳನ್ನೇ ನೋಡಿದ.

"ನಾನಾ? ಮಹಾದೇವಗ?"

"ಹೂಂ."

"ಸತ್ತನೇನು?"

"ಇಲ್ಲರಿ. ಒಳಗ ಕಾಡತೂಸು ಇರಲಿಲ್ಲ. ನಾವು ಬ್ಯಾರೆ ಇಟ್ಟಿದ್ವಿ."

ಹೊರಗೆ ಯಾರೋ ಸೈಕಲ್ ಕಳುವಿನ ದೂರು ಹೇಳುತ್ತಿದ್ದರು. ಸೂಗಪ್ಪ ಬಂದೂಕಿನ ಮೇಲೆ ಕೈಯಾಡಿಸಿದ, ಆಮೇಲೆ ಎರಡೂ ಕೈಯಿಂದ ಅದನ್ನು ಮೇಜಿನ ಆಚೆಗೆ ದೂಡಿದ. ಅದರ ಹಿಡಿ ತಾಗಿ ಹವಾಲ್ದಾರನ ಚಹಾದ ಕಪ್ಪು ಉರುಳಿತು.

"ತಗೋರಿ," ಎಂದ. "ನಾನೇ ಕೊಡಾಕತ್ತೀನಿ. ಮತ್ತ ಬಂದು ಕೇಳಿದ್ರೂ ಕೊಡಬ್ಯಾಡ್ರಿ ನನಗ."

ಸಹಿ ಮಾಡಲು ಹೋದಾಗ ಅರ್ಧ ಹೆಸರಿಗೆ ಅವನ ಕೈ ನಿಂತಿತು. ಹವಾಲ್ದಾರ ಹೆಬ್ಬೆಟ್ಟು ಒತ್ತಿಸಿಕೊಂಡ. ಚಂದಮ್ಮ ಕಾಡತೂಸಿನ ಡಬ್ಬಿಯನ್ನೂ ಒಪ್ಪಿಸಿದಳು.

ಪ್ರೀತಿ ಮಗಳೊಂದಿಗೆ ಆ ವಾರವೇ ಮರಳಿ ಬಂದಳು. ಮಹಾದೇವ ತಾಯಿಯೊಂದಿಗೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, "ಪಲ್ಯ ಹಾಕು" ಎಂಬುದನ್ನು ಮಗಳ ಬಾಯಿಂದ ಹೇಳಿಸುತ್ತಿದ್ದ. ಮಿಲ್ಲಿನ ಮಂದಿಗೆ ಏನು ಹೇಳಿದನೋ ಯಾರೂ ಕೇಳಲಿಲ್ಲ. ತಂಗಿಯ ಮನೆಗೆ ಹೋಗಿ ಕೂಸನ್ನು ನೋಡಿ ಬರಬೇಕೆಂದು ಚಂದಮ್ಮ ದಿನವೂ ಅಂದುಕೊಳ್ಳುವಳು, ಆದರೆ ಮುದುಕನನ್ನು ಬಿಟ್ಟು ಅರ್ಧ ದಿನವೂ ಹೊರಗಿರುವ ಹಾಗಿರಲಿಲ್ಲ. ಅದು ಬಂದೂಕು ಹೋದರೂ ಬದಲಾಗಲಿಲ್ಲ.

ಸೂಗಪ್ಪ ಬಂದೂಕನ್ನು ಮರೆತ. ಒಂದು ದಿನವೂ ಅದರ ಹೆಸರೆತ್ತಲಿಲ್ಲ. ಠಾಣೆಗೆ ಹೋದದ್ದನ್ನೂ ಮರೆತ. ಹೆಂಡತಿಯ ಕೈಯ ಊಟ ಬಿಟ್ಟಿದ್ದನ್ನೂ ಮರೆತು ರೊಟ್ಟಿ ಕೇಳಿ ಹಾಕಿಸಿಕೊಂಡ. ಆದರೆ ಆ ದಿನದ ಒಂದು ಚೂರು ಅವನೊಳಗೆ ಎಲ್ಲೋ ಸಿಕ್ಕಿಕೊಂಡು ಉಳಿದಿತ್ತು. ಸಂಜೆಯಾಗುತ್ತ ಬಂದಂತೆ ಅವನು ದಿವಾನದಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ದಿವಾನಕ್ಕೆ ತಿರುಗುವನು.

"ಮಹಾದೇವ ಬಂದನೇನು?"

"ಬರ್ತಾನರಿ, ಇನ್ನಾ ಹೊತ್ತದ."

"ಅವಗ ಯಾರೋ ಹೊಡದಾರಂತ. ಎದಿಗಿ ಪೆಟ್ಟಾಗೇದಂತ."

"ಏನೂ ಆಗಿಲ್ಲರಿ. ಆರಾಮ ಹಾನ."

"ಯಾರು ಹೊಡದಾರ?"

ಚಂದಮ್ಮ ಒಲೆಯ ಕಡೆ ತಿರುಗುವಳು. ಅವನೂ ಉತ್ತರಕ್ಕೆ ಕಾಯುತ್ತಿರಲಿಲ್ಲ, ಮತ್ತೆ ಬಾಗಿಲಿಗೆ ಹೋಗುವನು.

ಮೊದಲ ಸಂಜೆಗಳಲ್ಲಿ ಮಹಾದೇವ ತಂದೆಯನ್ನು ಬಳಸಿ ಒಳಗೆ ನಡೆದುಬಿಟ್ಟ. ಮುದುಕ ಹಿಂದೆಯೇ ಬಂದು ಬಚ್ಚಲ ಬಾಗಿಲು ಬಡಿದ, ಊಟದ ತಾಟಿನ ಮುಂದೆ ಬಂದು ನಿಂತ, ಮಲಗುವ ಕೋಣೆಯವರೆಗೂ ಬೆನ್ನು ಬಿಡಲಿಲ್ಲ. ಕೊನೆಗೆ ಒಂದು ಸಂಜೆ ಮಹಾದೇವ ಹೊಸ್ತಿಲಲ್ಲೇ ನಿಂತ. ಅಂಗಿಯ ಗುಂಡಿಗಳನ್ನು ಬಿಚ್ಚಿ ತೋರಿಸಿದ.

"ನೋಡಪ್ಪ. ಏನೂ ಆಗಿಲ್ಲ."

ಸೂಗಪ್ಪ ಹತ್ತಿರ ಬಂದು ಮಗನ ಎದೆಯ ಮೇಲೆ ಅಂಗೈ ಇಟ್ಟ. ಎಡಕ್ಕೆ, ಬಲಕ್ಕೆ ಒತ್ತಿ ನೋಡಿದ. ಹೆಗಲನ್ನು ತಡವಿದ. ಅವನಿಗೆ ನಂಬಿಕೆ ಬರಲು ಬಹಳ ಹೊತ್ತು ಹಿಡಿಯಿತು. ಮಹಾದೇವ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅಡುಗೆಮನೆಯಿಂದ ಬಂದ ಚಂದಮ್ಮ ಅವನ ರೆಪ್ಪೆಗಳು ಅದುರುವುದನ್ನು ನೋಡಿದಳು.

"ನೋವು ಅದೇನು?"

"ಇಲ್ಲಪ್ಪ."

"ಹಂಗಾದ್ರ ನಡಿ, ಉಣ್ಣು."

ಮಹಾದೇವ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದ. ತಾಯಿಯ ಮುಂದೆ ಹಾದು ಹೋಗುವಾಗ ನಿಂತ. ನೆಲ ನೋಡುತ್ತ ಕೇಳಿದ.

"ನಾಳಿನೂ ಕೇಳ್ತಾನೇನವ್ವ?"

"ಕೇಳ್ತಾರಪ್ಪ," ಎಂದಳು ಚಂದಮ್ಮ. "ಕೈ ತೊಳಕೋ. ರೊಟ್ಟಿ ಆರ್ತಾವ."